ಸೋನೆಗೆ ಸಿಕ್ಕ ರಾಗಿ: ಫೆಂಗಲ್ ಚಂಡಮಾರುತದ ದಿನಗಳಲ್ಲಿ ಮದ್ದೂರಿನ ಒಂದು ಮನೆ

ಚಂಡಮಾರುತ ಅಂದರೆ ನಮ್ಮ ಮಂಡ್ಯ ಕಡೆಯವರ ಕಣ್ಮುಂದೆ ಬರುವುದು ಟಿ.ವಿ.ಯಲ್ಲಿ ಬಾಗುವ ತೆಂಗಿನಮರ, ರೇನ್‌ಕೋಟ್ ತೊಟ್ಟು ಮೈಕ್ ಹಿಡಿದ ವರದಿಗಾರ, ಚೆನ್ನೈನ ಮರೀನಾ ಬೀಚು. ಅದೇ ಚಂಡಮಾರುತ ಸವೆದು ನಮ್ಮೂರಿಗೆ ಬರುವ ಹೊತ್ತಿಗೆ ಗಾಳಿಯೂ ಇರುವುದಿಲ್ಲ, ಗುಡುಗೂ ಇರುವುದಿಲ್ಲ. ಹಂಚಿನ ಅಂಚಿನಿಂದ ಹನಿ ತೊಟ್ಟಿಕ್ಕುತ್ತಲೇ ಇರುತ್ತದೆ. ಹಳಬರು ಇದಕ್ಕೆ ಸೋನೆ ಅನ್ನುತ್ತಾರೆ. ಸೋನೆಗೆ ಯಾರೂ ಹೆದರುವುದಿಲ್ಲ. 2024ರ ಡಿಸೆಂಬರ್ ಮೊದಲ ವಾರದಲ್ಲಿ ಮದ್ದೂರು ತಾಲ್ಲೂಕಿನ ನಮ್ಮ ದೊಡ್ಡಪ್ಪನ ಮನೆಗೆ ಆದ ನಷ್ಟಕ್ಕೆ ಮೂಲ ಈ ಹೆದರದಿರುವಿಕೆ ಎಂದು ನನಗೆ ಅನ್ನಿಸುತ್ತದೆ. ನಾನು ಕೃಷಿ ಓದಿದವನು, ಆ ವಾರವೆಲ್ಲ ಊರಲ್ಲೇ ಇದ್ದೆ, ಕೈಕಟ್ಟಿ ನೋಡಿದವರಲ್ಲಿ ನಾನೂ ಒಬ್ಬ. ಆಗಿದ್ದನ್ನು ದಿನಾಂಕ ಹಾಕಿ ಬರೆದಿಟ್ಟಿದ್ದರಿಂದ ಈ ಲೆಕ್ಕ ಕೊಡಲು ಆಗುತ್ತಿದೆ.

ಮನೆಯ ಜಮೀನು ಎರಡು ಕಡೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆಭಾಗದಲ್ಲಿ ಎರಡು ಎಕರೆ ಗದ್ದೆ, ಏರಿನ ಮೇಲೆ ಒಂದೂವರೆ ಎಕರೆ ಖುಷ್ಕಿ, ಅಂದರೆ ಮಳೆಯಾಶ್ರಿತ ಹೊಲ. ಹಿಂದಿನ ವರ್ಷ ಬರ, ಕನ್ನಂಬಾಡಿ ಕಟ್ಟೆ ತುಂಬಿರಲಿಲ್ಲ, ಗದ್ದೆ ಬೀಳು ಬಿದ್ದಿತ್ತು. 2024ರ ಜುಲೈನಲ್ಲಿ ಕಟ್ಟೆ ತುಂಬಿತು. ನಾಲೆಗೆ ನೀರು ಬಂತು, ಆಗಸ್ಟ್‌ನಲ್ಲಿ ನಾಟಿ ಆಯ್ತು. ಖುಷ್ಕಿಯಲ್ಲಿ ಎಂಎಲ್ 365 ತಳಿಯ ರಾಗಿ. ಎರಡು ವರ್ಷದ ಮೇಲೆ ಕಣ ಮಾಡುವ ಹುರುಪು ಮನೆಯಲ್ಲಿತ್ತು. ಕೊಟ್ಟಿಗೆಯಲ್ಲಿ ಎರಡು ಹಸು. ಡೇರಿಗೆ ಹಾಕುವ ಹಾಲೇ ಮನೆಯ ವಾರದ ಖರ್ಚು ನೋಡಿಕೊಳ್ಳುವುದರಿಂದ ರಾಗಿ ಅಂದರೆ ಕಾಳು ಎಷ್ಟೋ ಹುಲ್ಲೂ ಅಷ್ಟೇ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರುವ ಯಾವ ಸರ್ಕಾರಿ ಕಾಗದದಲ್ಲೂ ಹುಲ್ಲಿಗೆ ಜಾಗ ಇಲ್ಲ.

ಬುಧವಾರದಿಂದ ಶನಿವಾರ

ನವೆಂಬರ್ 27, ಬುಧವಾರ. ಬೆಳಿಗ್ಗೆ ಏಳಕ್ಕೆ ಒಂಬತ್ತು ಹೆಣ್ಣಾಳು ಕುಡುಗೋಲು ಹಿಡಿದು ರಾಗಿಗೆ ಇಳಿದರು. ಈ ಆಳುಗಳು ಸಿಕ್ಕಿದ್ದೇ ಹದಿನೈದು ದಿನ ಕಾದ ಮೇಲೆ, ಊರೆಲ್ಲ ಒಟ್ಟಿಗೇ ಕೊಯ್ಲಿಗೆ ಬಂದಿತ್ತು. ಗುರುವಾರ ಮಧ್ಯಾಹ್ನಕ್ಕೆ ಒಂದೂವರೆ ಎಕರೆಯೂ ಮುಗಿದು, ಕುಯ್ದ ರಾಗಿ ಸಾಲಾಗಿ ಅರಿ ಹಾಕಿಕೊಂಡು ನೆಲದ ಮೇಲೆ ಮಲಗಿತ್ತು. ನಾಲ್ಕೈದು ದಿನ ಬಿಸಿಲಿಗೆ ಒಣಗಲಿ, ಆಮೇಲೆ ಸಿವುಡು (ಕಂತೆ) ಕಟ್ಟಿ ಬಣವೆ ಒಟ್ಟೋಣ ಎಂಬುದು ವಾಡಿಕೆ.

ಅದೇ ಬುಧವಾರ ಬಂಗಾಳ ಕೊಲ್ಲಿಯಲ್ಲಿ, ಶ್ರೀಲಂಕಾದ ಮಗ್ಗುಲಲ್ಲಿ, ಒಂದು ಆಳವಾದ ವಾಯುಭಾರ ಕುಸಿತ ಕುಂಟುತ್ತಾ ನಿಂತಿತ್ತು. ಅದು ಚಂಡಮಾರುತ ಆಗುತ್ತದೆ ಎಂದು ಒಂದು ದಿನ, ಆಗದೆ ಸೊರಗಬಹುದು ಎಂದು ಇನ್ನೊಂದು ದಿನ ಸುದ್ದಿ ಬರುತ್ತಿತ್ತು. ಕೊನೆಗೆ 29ರ ಶುಕ್ರವಾರ ಅದು ಚಂಡಮಾರುತವಾಗಿ ಸೌದಿ ಅರೇಬಿಯಾ ಕೊಟ್ಟಿದ್ದ ಹೆಸರು ಪಡೆಯಿತು. ನಮ್ಮ ಪತ್ರಿಕೆಗಳು ಒಂದು ಫೆಂಗಲ್ ಎಂದರೆ ಇನ್ನೊಂದು ಫೆಂಜಲ್ ಎಂದು ಬರೆದವು. ದೊಡ್ಡಪ್ಪನ ಬಾಯಲ್ಲಿ ಅದು ಕಡೆಯವರೆಗೂ 'ಆ ಪೊಂಗಲ್ಲು'.

ಗುರುವಾರ ಸಂಜೆ ಭತ್ತದ ಮಿಷನ್ನಿನ ಏಜೆಂಟ್ ಫೋನ್ ಮಾಡಿದ. ನಮ್ಮ ಸೀಮೆಯಲ್ಲಿ ಭತ್ತ ಕುಯ್ಯುವ ಮಿಷನ್ನುಗಳಲ್ಲಿ ಬಹಳಷ್ಟು ತಮಿಳುನಾಡಿನವು, ಡ್ರೈವರುಗಳೂ ಆ ಕಡೆಯವರೇ. ಇವನ ಡ್ರೈವರ್ ವಿಳುಪ್ಪುರಂ ಜಿಲ್ಲೆಯವನು. 'ನಾಳೆ ಗಾಡಿ ಖಾಲಿ ಇದೆ, ನಿಮ್ಮ ಗದ್ದೆ ಮುಗಿಸಿಬಿಡ್ತೀನಿ' ಅಂದ.

'ನಾಡಿದ್ದಿಂದ ಅಮಾಸೆ ಹಿಡೀತದೆ ಕಣಪ್ಪ' ಅಂದರು ದೊಡ್ಡಪ್ಪ. 'ಬುಡದಲ್ಲಿ ಇನ್ನೂ ಹಸುರು ಕಾಳವೆ. ಸೋಮವಾರ ತಕ್ಕೊಂಡ್ ಬಾ.'

ಅಮಾವಾಸ್ಯೆಯ ಮಾತನ್ನು ಹಿಡಿದು ಅವರನ್ನು ಗೇಲಿ ಮಾಡುವುದು ಸುಲಭ. ಕಾರ್ತಿಕದ ಕೊನೆಯ ಅಮಾವಾಸ್ಯೆ 30ರ ಶನಿವಾರ ಬೆಳಿಗ್ಗೆ ಹಿಡಿದು ಭಾನುವಾರ ಮಧ್ಯಾಹ್ನದ ಹೊತ್ತಿಗೆ ಬಿಡುವುದಿತ್ತು. ಶುಕ್ರವಾರಕ್ಕೆ ಅಡ್ಡಿ ಇರಲಿಲ್ಲ. ನಿಜವಾದ ಕಾರಣ ಹಸುರು ಕಾಳು. ಹಸಿ ಭತ್ತ ತೂಕದಲ್ಲಿ ಹೆಚ್ಚಿದ್ದರೂ ಖರೀದಿ ಕೇಂದ್ರದಲ್ಲಿ ತೇವಾಂಶ ಶೇ 17 ಮೀರಿದರೆ ತೆಗೆದುಕೊಳ್ಳುವುದಿಲ್ಲ, ಗಿರಣಿಯವರು ಬೆಲೆ ಇಳಿಸುತ್ತಾರೆ. ಮೂರು ದಿನ ಕಾದರೆ ಲಾಭ ಎಂಬ ಅವರ ಲೆಕ್ಕ ಬಿಸಿಲಿದ್ದರೆ ಸರಿಯಾದದ್ದೇ.

ಶುಕ್ರವಾರ ಸಂಜೆ ಬಾನು ಬೂದಿ ಬಣ್ಣಕ್ಕೆ ತಿರುಗಿತ್ತು. ಟಿ.ವಿ.ಯಲ್ಲಿ ಪುದುಚೇರಿ ಕಡಲು. ದೊಡ್ಡಮ್ಮ ಹಾಲು ಕರೆದು ಬಂದವರು ಬಾಗಿಲಲ್ಲೇ ನಿಂತು, 'ನೋಡಿ, ಆ ಅರಿಯ ಎತ್ತಿ ಗುಪ್ಪೆನಾರ ಹಾಕ್ಬುಡಾನಾ? ಟಾರ್ಪಾಲ್ ಅದೆ' ಅಂದರು.

'ಹಸೀದು ಒಟ್ಟಿದ್ರೆ ಕಾವೇರ್ತದೆ. ಬಿರುಗಾಳಿ ತಮಿಳ್ನಾಡಲ್ಲಿ ತಾನೆ? ನಮ್ಗೇನ್ ಬುಡು' ಅಂದರು ದೊಡ್ಡಪ್ಪ.

ಪಕ್ಕದ ಹೊಲದವರೂ ಅದೇ ಗುರುವಾರ ರಾಗಿ ಕುಯ್ಸಿದ್ದರು. ಅವರ ಮನೆಯಲ್ಲಿ ಹೆಂಗಸರ ಮಾತು ನಡೆಯಿತು. ಶನಿವಾರ ಹಗಲು ಗಂಡ, ಹೆಂಡತಿ, ಕಾಲೇಜು ಹುಡುಗ ಮೂರೇ ಜನ ಅರ್ಧ ಒಣಗಿದ ರಾಗಿಯನ್ನು ಸಣ್ಣ ಸಣ್ಣ ಸಿವುಡು ಕಟ್ಟಿ, ಬದುವಿನ ಮೇಲೆ ತೆನೆ ಮೇಲಾಗಿ ನಿಲ್ಲಿಸಿ ಹತ್ತಾರು ಗುಪ್ಪೆ ಮಾಡಿದರು. ಮೇಲೆ ಟಾರ್ಪಾಲು, ಹಳೆ ಗೊಬ್ಬರದ ಚೀಲ, ಒಂದಕ್ಕೆ ಯಾವುದೋ ಚುನಾವಣೆಯ ಫ್ಲೆಕ್ಸು. ಬುಡ ಮಾತ್ರ ಗಾಳಿಯಾಡುವಂತೆ ಬಿಟ್ಟಿದ್ದರು. ಒಂದು ಬದುವಿನ ಆಚೆ ಈಚೆ, ಒಂದೇ ಮಳೆ, ಒಂದೇ ದಿನದ ಕೊಯ್ಲು: ಸಂಶೋಧನಾ ಕೇಂದ್ರದಲ್ಲಿ ದುಡ್ಡು ಕೊಟ್ಟು ಮಾಡಿಸಿದರೂ ಇಷ್ಟು ಚೊಕ್ಕ ಹೋಲಿಕೆ ಸಿಗುವುದಿಲ್ಲ.

ಮಳೆ

30ರ ರಾತ್ರಿ ಫೆಂಗಲ್ ಪುದುಚೇರಿ ಬಳಿ ದಡ ಸೇರಿತು. ಸೇರಿದ್ದು ಸರಿ, ಮುಂದೆ ಹೋಗಲಿಲ್ಲ. ಗಂಟೆಗಟ್ಟಲೆ ಅಲ್ಲೇ ನಿಂತು ಸುರಿಯಿತು. ಪುದುಚೇರಿಯಲ್ಲಿ ಒಂದೇ ದಿನ 40 ಸೆಂಟಿಮೀಟರಿಗೂ ಹೆಚ್ಚು. ಆಮೇಲೆ ಸೊರಗಿ, ತಮಿಳುನಾಡಿನ ಒಳಗೆ ಪಶ್ಚಿಮಕ್ಕೆ ತೆವಳುತ್ತಾ ಬಂತು. ನಮ್ಮ ಗಡಿಗೆ ಅಂಟಿಕೊಂಡ ಕೃಷ್ಣಗಿರಿ ಜಿಲ್ಲೆಯ ಊತ್ತಂಗರೈಯಲ್ಲಿ ಒಂದು ದಿನಕ್ಕೆ 50 ಸೆಂಟಿಮೀಟರ್. ತಿರುವಣ್ಣಾಮಲೈಯಲ್ಲಿ ಬೆಟ್ಟದ ಮಣ್ಣು, ಬಂಡೆ ಕುಸಿದು ಮಕ್ಕಳೂ ಸೇರಿ ಏಳು ಜನ ಸತ್ತರು. ಹೀಗೆ ಸವೆದು ಸವೆದು ಡಿಸೆಂಬರ್ 3ರ ಸುಮಾರಿಗೆ ನಮ್ಮ ಕರಾವಳಿಯಾಚೆ ಅರಬ್ಬೀ ಸಮುದ್ರಕ್ಕೆ ಇಳಿಯಿತು. ಕೊಲ್ಲಿಯಿಂದ ಅರಬ್ಬಿಗೆ ಹೋಗುವ ಈ ದಾರಿಯ ಕೆಳಗೆ ನಾವಿದ್ದೇವೆ. ಹಿಂಗಾರಿನ ಚಂಡಮಾರುತ ಚೆನ್ನೈ-ನಾಗಪಟ್ಟಣಂ ನಡುವೆ ದಡ ಸೇರಿದಾಗೆಲ್ಲ ಅದರ ಮೋಡದ ಸೆರಗು ಮಂಡ್ಯ, ಮೈಸೂರು, ಚಾಮರಾಜನಗರದ ಮೇಲೆ ಹಾಯುವ ಸಂಭವ ಇದ್ದೇ ಇದೆ.

ನಮ್ಮಲ್ಲಿ ಸುರಿದದ್ದು ಹನಿ. ಭಾನುವಾರ, ಸೋಮವಾರ, ಮಂಗಳವಾರ ಮೂರು ದಿನವೂ ಹಗಲು ರಾತ್ರಿ ಒಂದೇ ಬಣ್ಣ. ಮಧ್ಯಾಹ್ನವೂ ಮಂಕು, ಹಸುಗಳ ಬಾಯಿಂದ ಹೊಗೆ, ಒಲೆ ಮುಂದೆ ಬಿಟ್ಟು ಬೇರೆಲ್ಲೂ ಕೂರಲು ಮನಸ್ಸಿಲ್ಲ. ಪಂಚಾಂಗದ ಲೆಕ್ಕಕ್ಕೆ ಅನೂರಾಧ ಮಳೆ ಮುಗಿದು ಜ್ಯೇಷ್ಠ ಹುಟ್ಟುವ ಸಂಧಿ.

ಇಲ್ಲಿ ಹವಾಮಾನ ಇಲಾಖೆಯ ಪದಗಳ ಬಗ್ಗೆ ಒಂದು ಮಾತು. ಇಲಾಖೆಯ ಅಳತೆಯಲ್ಲಿ ದಿನಕ್ಕೆ 2.5ರಿಂದ 15.5 ಮಿಲಿಮೀಟರ್ ಬಿದ್ದರೆ ಹಗುರ ಮಳೆ, 15.6ರಿಂದ 64.4ರವರೆಗೆ ಸಾಧಾರಣ, 64.5 ಮುಟ್ಟಿದರೆ ಭಾರಿ. ಊರು ಮುಳುಗುತ್ತದೋ, ಕೆರೆ ಒಡೆಯುತ್ತದೋ ಎಂದು ನೋಡುವವರಿಗೆ ಈ ಅಳತೆ ಸರಿ. ನೆಲದ ಮೇಲೆ ಅರಿ ಬಿದ್ದಿರುವ ರಾಗಿಗೆ ಇದು ತಲೆಕೆಳಗು. ಒಂದು ಸಂಜೆ 60 ಮಿಲಿಮೀಟರ್ ಹುಯ್ದು ಮರುದಿನ ಬಿಸಿಲು ಬಿದ್ದರೆ ಅರಿಯನ್ನು ಮಗುಚಿ ಹಾಕಿದರೆ ಆಯಿತು, ಹೆಚ್ಚುಕಮ್ಮಿ ಬದುಕುತ್ತದೆ. ದಿನಕ್ಕೆ ಹತ್ತು ಮಿಲಿಮೀಟರ್‌ನಂತೆ ಮೂರು ದಿನ ಸೋನೆ ಹಿಡಿದು ಬಿಸಿಲೇ ಇಲ್ಲದಿದ್ದರೆ ತೆನೆ ಒಣಗುವುದಕ್ಕೆ ಬಿಡುವೇ ಸಿಗದು, ಕಾಳು ನೆನೆದು ಉಬ್ಬಿ ಮೊಳಕೆ ಒಡೆಯುತ್ತದೆ. ಮೊಬೈಲಿನಲ್ಲಿ 'ಹಗುರದಿಂದ ಸಾಧಾರಣ' ಎಂದು ಓದಿ ನಾನೇ ಭಾನುವಾರ ಬೆಳಿಗ್ಗೆ ದೊಡ್ಡಪ್ಪನಿಗೆ 'ದೊಡ್ಡ ಮಳೆ ಏನಿಲ್ಲ' ಎಂದಿದ್ದೆ. ಮುನ್ಸೂಚನೆ ತಪ್ಪಿರಲಿಲ್ಲ, ಓದಿದವನು ತಪ್ಪಿದ. ನಾನು ಕೇಳಬೇಕಾಗಿದ್ದ ಪ್ರಶ್ನೆ ಎಷ್ಟು ಮಳೆ ಎಂದಲ್ಲ, ಮತ್ತೆ ಬಿಸಿಲು ಎಂದು ಎಂಬುದು.

ಸೋಮವಾರ ಮಧ್ಯಾಹ್ನ ನನಗೆ ಓದಿದ ಒಂದು ಉಪಾಯ ನೆನಪಾಯಿತು. ಮಳೆಗೆ ಸಿಕ್ಕ ಪೈರಿನ ಕಾಳು ಮೊಳೆಯದಂತೆ ಲೀಟರು ನೀರಿಗೆ 50 ಗ್ರಾಂ ಉಪ್ಪು ಕರಗಿಸಿ ತೆನೆಗೆ ಸಿಂಪಡಿಸುವುದು. ಭತ್ತಕ್ಕೆ ಕೃಷಿ ವಿಜ್ಞಾನಿಗಳು ಕೊಡುವ ಸಲಹೆ ಇದು. ಹೊಡೆದ ಮೇಲೆ ಕೆಲವು ಗಂಟೆಯಾದರೂ ಮಳೆ ಬಿಟ್ಟಿರಬೇಕಲ್ಲ, ಸೋನೆ ಬಿಡಲಿಲ್ಲ. ಗದ್ದೆಯ ಅಂಚಿನಲ್ಲಿ ಬಿದ್ದಿದ್ದ ಭತ್ತಕ್ಕೆ ಮಂಗಳವಾರ ಸಂಜೆ ಎರಡು ಕ್ಯಾನ್ ಹೊಡೆದೆವು. ಉಪಯೋಗವಾಯಿತೋ ಇಲ್ಲವೋ ಹೇಳಲಾರೆ. 'ಉಪ್ಪು ಹಾಕಿದ್ ಹುಲ್ಲ ಹಸ ಚಪ್ಪರಿಸ್ಕೊಂಡ್ ತಿಂತದೆ, ಅದೊಂದ್ ಆಯ್ತು' ಅಂದರು ದೊಡ್ಡಪ್ಪ.

ಬದುವಿನ ಆಚೆ ಈಚೆ

ಬುಧವಾರ, ಡಿಸೆಂಬರ್ 4. ಹತ್ತು ಗಂಟೆಗೆ ಮೋಡ ಬಿರಿದು ಬಿಸಿಲು ಬಂತು. ಅರಿ ಮಗುಚಿದಾಗ ಮೇಲ್ಪದರದ ತೆನೆ ಕಪ್ಪಾಗಿತ್ತು, ನೆಲಕ್ಕೆ ತಾಗಿದ್ದ ತೆನೆಗಳಲ್ಲಿ ಬಿಳಿ ಬೇರು ದಾರದಂತೆ ಇಳಿದಿತ್ತು. ಅರಿಯ ಕೆಳಗಿನ ನೆಲದಲ್ಲಿ ಉದುರಿದ ಕಾಳೆಲ್ಲ ಹಸಿರು ಮೊಳಕೆ. 'ಒಟ್ಲು (ಸಸಿಮಡಿ) ಹಾಕ್ದಂಗ್ ಅದೆ' ಎಂದು ದೊಡ್ಡಮ್ಮ ಹೇಳಿದರು, ಮತ್ತೇನೂ ಹೇಳಲಿಲ್ಲ. ಶುಕ್ರವಾರದ ಮಾತನ್ನು ಅವರು ಇವತ್ತಿಗೂ ಎತ್ತಿಲ್ಲ.

ಆಚೆ ಹೊಲದವರು ಗುಪ್ಪೆ ಬಿಚ್ಚಿದರು. ಕಾವು ಏರಿದ್ದು ನಿಜ, ಕೈ ಹಾಕಿದರೆ ಬೆಚ್ಚಗಿತ್ತು, ಎರಡು ಗುಪ್ಪೆಯಲ್ಲಿ ಬೂಷ್ಟು ಹಿಡಿದಿತ್ತು. ಫ್ಲೆಕ್ಸು ಹೊದಿಸಿದ್ದು ಒಂದು ಕಡೆ ಸೋರಿ ನೆನೆದಿತ್ತು. ಉಳಿದವುಗಳಲ್ಲಿ ಕಾಳು ಸ್ವಲ್ಪ ಮಂಕಾಗಿತ್ತೇ ಹೊರತು ಮೊಳೆತಿರಲಿಲ್ಲ. ಅಂದರೆ ದೊಡ್ಡಪ್ಪ ಹೇಳಿದ ಕಾವಿನ ಭಯ ಸುಳ್ಳಲ್ಲ. ಆದರೆ ಒಟ್ಟಿದರೆ ಆಗುವ ನಷ್ಟ ಮತ್ತು ಬಿಟ್ಟರೆ ಆಗುವ ನಷ್ಟ ಎರಡನ್ನೂ ತಕ್ಕಡಿಗೆ ಹಾಕಿ ನೋಡುವಷ್ಟು ಹೊತ್ತು ಆ ಸಂಜೆ ಯಾರೂ ಕೂತಿರಲಿಲ್ಲ.

ಗದ್ದೆಯ ಕತೆ ಬೇರೆ. ನಿಂತ ಭತ್ತಕ್ಕೆ ಸೋನೆ ಅಷ್ಟು ಕೆಡುಕಲ್ಲ, ತೆನೆ ಮೇಲಿದ್ದರೆ ನೀರು ಜಾರುತ್ತದೆ. ಮೂರನೇ ಒಂದು ಭಾಗ ಮಾತ್ರ ತೆನೆಯ ಭಾರಕ್ಕೆ ನೆಲ ಕಚ್ಚಿತ್ತು. ಬಿಸಿಲು ಬಂದ ನಾಲ್ಕೇ ದಿನಕ್ಕೆ ಕುಯ್ದಿದ್ದರೆ ಬಹುಪಾಲು ಉಳಿಯುತ್ತಿತ್ತು. ಗದ್ದೆ ಹಸಿಯಾದ್ದರಿಂದ ಟೈರ್ ಗಾಡಿ ಹೂತುಹೋಗುತ್ತದೆ, ಬೆಲ್ಟ್ ಗಾಡಿಯೇ ಬೇಕು. ಬೆಲ್ಟ್ ಗಾಡಿ ಪೆಟ್ರೋಲ್ ಬಂಕಿನ ಪಕ್ಕ ನಿಂತಿತ್ತು. ಡ್ರೈವರ್ ಇರಲಿಲ್ಲ.

ಅವನು ಸೋಮವಾರ ಬೆಳಗಿನ ಬಸ್ಸಿಗೇ ಊರಿಗೆ ಹೊರಟುಬಿಟ್ಟಿದ್ದ. ಸಾತನೂರು ಅಣೆಕಟ್ಟಿನಿಂದ ರಾತ್ರೋರಾತ್ರಿ 1.68 ಲಕ್ಷ ಕ್ಯುಸೆಕ್ ನೀರು ಬಿಟ್ಟು ತೆನ್‌ಪೆಣ್ಣೈ ಉಕ್ಕಿ, ವಿಳುಪ್ಪುರಂ ಕಡೆ ಊರೂರಿಗೇ ನೀರು ನುಗ್ಗಿತ್ತು. ಅವನ ಮನೆಯೊಳಗೆ ಸೊಂಟದವರೆಗೆ ನೀರು ಎಂದು ಏಜೆಂಟ್ ಹೇಳಿದ. ಅವರು ತೆನ್‌ಪೆಣ್ಣೈ ಅನ್ನುವುದು ನಮ್ಮ ದಕ್ಷಿಣ ಪಿನಾಕಿನಿಯನ್ನು, ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಹೊಸಕೋಟೆ ಹಾದು ಹೋಗುವ ಅದೇ ಹೊಳೆ. 'ತಮಿಳ್ನಾಡಲ್ಲಿ ತಾನೆ' ಎಂದದ್ದು ಹೀಗೆ ಎರಡು ದಾರಿ ಹಿಡಿದು ನಮ್ಮ ಗದ್ದೆಗೆ ಬಂತು, ಒಂದು ಮೋಡದಲ್ಲಿ, ಇನ್ನೊಂದು ಡ್ರೈವರಿಲ್ಲದ ಗಾಡಿಯಲ್ಲಿ. ಮೊದಲನೆಯದು ಯಾರಿಗಾದರೂ ಹೊಳೆಯುತ್ತದೆ. ಎರಡನೆಯದು ನನಗಂತೂ ಹೊಳೆದಿರಲಿಲ್ಲ.

ಅವನು ಹಿಂತಿರುಗಿದ್ದು ಡಿಸೆಂಬರ್ 11ಕ್ಕೆ. 12ರಂದು ಕೊಯ್ಲು. ಮಲಗಿದ ಭತ್ತವನ್ನು ಗಾಡಿ ಕೆರೆದು ಕೆರೆದು ಎತ್ತಬೇಕಾಗಿ ಎರಡು ಎಕರೆಗೆ ನಾಲ್ಕು ಗಂಟೆ ಹಿಡಿಯಿತು, ಗಂಟೆಗೆ 3,000 ರೂಪಾಯಿ. ಟೈರ್ ಗಾಡಿಯಲ್ಲಿ ಗಂಟೆಗೆ 2,400ರಂತೆ ಎರಡೂವರೆ ಗಂಟೆಗೆ ಮುಗಿಯುವ ಕೆಲಸ. ದೊಡ್ಡಪ್ಪ ದರದ ಬಗ್ಗೆ ಚೌಕಾಸಿ ಮಾಡಲಿಲ್ಲ. ಆ ಹುಡುಗನ ಕೈಗೆ ಬಾಡಿಗೆಯ ಮೇಲೆ ಐನೂರು ಇಟ್ಟರು, ಅವನ ಮಕ್ಕಳ ಪುಸ್ತಕವೆಲ್ಲ ನೀರುಪಾಲಾಗಿತ್ತಂತೆ.

ಲೆಕ್ಕ

ಭತ್ತ 48 ಕ್ವಿಂಟಾಲ್ ನಿರೀಕ್ಷೆ, ಬಂದದ್ದು 40. ಬೆಂಬಲ ಬೆಲೆ ಆ ವರ್ಷ ಸಾಮಾನ್ಯ ಭತ್ತಕ್ಕೆ 2,300. ಬಣ್ಣಗೆಟ್ಟ ಕಾಳಿಗೆ ಗಿರಣಿಯವರು 2,050 ಕಟ್ಟಿದರು. ಉದುರಿದ್ದು, ಬೆಲೆ ಇಳಿದದ್ದು, ಮಿಷನ್ನಿಗೆ ಹೆಚ್ಚಿಗೆ ಕೊಟ್ಟದ್ದು ಮೂರೂ ಸೇರಿ 34,400 ರೂಪಾಯಿ. ರಾಗಿ 19 ಕ್ವಿಂಟಾಲ್ ಬರಬೇಕಿತ್ತು, ಒಕ್ಕಣೆಗೆ ಸಿಕ್ಕಿದ್ದು 11. ಅದರಲ್ಲಿ ನಾಲ್ಕು ಕ್ವಿಂಟಾಲ್ ಮೊಳೆತದ್ದು, ಕೋಳಿ ಮೇವಿಗೆ 2,000ದಂತೆ ಹೋಯಿತು. ಬೆಂಬಲ ಬೆಲೆ 4,290ರ ಲೆಕ್ಕದಲ್ಲಿ ರಾಗಿಯ ನಷ್ಟ 43,480. ಇದರ ಮೇಲೆ ಹುಲ್ಲು. ಕಪ್ಪಾಗಿ ಮುಗ್ಗುಲು ವಾಸನೆ ಹೊಡೆಯುವ ರಾಗಿ ಹುಲ್ಲನ್ನು ಹಸು ಮೂಸಿ ಬಿಟ್ಟಿತು. ನಾಗಮಂಗಲದ ಕಡೆಯಿಂದ ಒಂದು ಟ್ರ್ಯಾಕ್ಟರ್ ಲೋಡ್ ತರಿಸಿದ್ದಕ್ಕೆ 14,000. ಒಟ್ಟು 91,880 ರೂಪಾಯಿ.

ಪಕ್ಕದವರ ರಾಗಿ ನಷ್ಟ? ಎರಡು ಕ್ವಿಂಟಾಲೂ ಮುಟ್ಟಲಿಲ್ಲ, ಮೂರು ಜನರ ಒಂದು ಹಗಲಿನ ಮೈನೋವು ಬಿಟ್ಟರೆ.

ಇನ್ನು ವಿಮೆ. ಫಸಲ್ ಬಿಮಾ ಯೋಜನೆಯಲ್ಲಿ ಇಂಥದ್ದಕ್ಕೆಂದೇ ಒಂದು ಅವಕಾಶ ಇದೆ: ಕುಯ್ದು ಹೊಲದಲ್ಲೇ ಒಣಗಲು ಹರಡಿದ ಅಥವಾ ಸಣ್ಣ ಕಂತೆ ಕಟ್ಟಿಟ್ಟ ಬೆಳೆ 14 ದಿನದೊಳಗೆ ಚಂಡಮಾರುತದ ಮಳೆಗೋ ಅಕಾಲಿಕ ಮಳೆಗೋ ಹಾಳಾದರೆ, 72 ಗಂಟೆಯೊಳಗೆ ತಿಳಿಸಿದರೆ, ಆ ಹೊಲವನ್ನೇ ನೋಡಿ ಪರಿಹಾರ ನಿರ್ಧರಿಸಬೇಕು. ನಮ್ಮ ರಾಗಿಗೆ ಅಳತೆ ಕೊಟ್ಟು ಹೊಲಿಸಿದಂಥ ಕಲಮು. ಆದರೆ ವಿಮೆ ಮಾಡಿಸಿದ್ದು ಭತ್ತಕ್ಕೆ ಮಾತ್ರ, ಅದೂ ಬೆಳೆಸಾಲದ ಜೊತೆ ತಾನಾಗಿ ಕಡಿತವಾದದ್ದು. ಖುಷ್ಕಿ ಇನ್ನೂ ತಾತನ ಹೆಸರಲ್ಲೇ ಇದೆ. ತಾತ ತೀರಿಕೊಂಡು ಹದಿನಾಲ್ಕು ವರ್ಷ, ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಗಿಲ್ಲ, ಅತ್ತೆಯಂದಿರ ಸಹಿ ಒಂದಾಗಿಲ್ಲ. ಪಹಣಿಯಲ್ಲಿ ಹೆಸರಿಲ್ಲದವರು ವಿಮೆ ಮಾಡಿಸುವುದು ಹೇಗೆ? ಆ ವಾರ ಹೊಲ ಹಾಳಾದದ್ದು ಮೋಡದಿಂದ, ಪರಿಹಾರ ಕೈಬಿಟ್ಟದ್ದು ಹದಿನಾಲ್ಕು ವರ್ಷದ ಹಳೆಯ ಕಾಗದದಿಂದ.

ವಿಮೆ ಇದ್ದ ಭತ್ತಕ್ಕೂ ದಾರಿ ಇರಲಿಲ್ಲ. ನಿಂತ ಭತ್ತದ ನಷ್ಟವನ್ನು ಇಡೀ ಗ್ರಾಮ ಪಂಚಾಯಿತಿಯ ಸರಾಸರಿ ಇಳುವರಿಯ ಮೇಲೆ ನೋಡುತ್ತಾರೆ. ಊರಿನ ಅರ್ಧ ಜನ ನವೆಂಬರ್‌ನಲ್ಲೇ ಕುಯ್ದು ಮನೆ ತುಂಬಿಸಿಕೊಂಡಿದ್ದರಿಂದ ಸರಾಸರಿ ಬೀಳಲಿಲ್ಲ. ಸರ್ಕಾರದ ವಿಪತ್ತು ಪರಿಹಾರಕ್ಕೆ ಆಗ ಶೇ 33 ಅಥವಾ ಅದಕ್ಕಿಂತ ಹೆಚ್ಚು ನಷ್ಟ ಇರಬೇಕಿತ್ತು, ಮಳೆಯಾಶ್ರಿತಕ್ಕೆ ಹೆಕ್ಟೇರಿಗೆ 8,500 ರೂಪಾಯಿ ಇತ್ತು. ಸಿಕ್ಕಿದ್ದರೂ ಒಂದೂವರೆ ಎಕರೆಗೆ ಐದು ಸಾವಿರದ ಆಸುಪಾಸು. ದೊಡ್ಡಪ್ಪ ಅರ್ಜಿ ಹಾಕಲಿಲ್ಲ. ಹಾಕಿ ಎಂದು ನಾನೂ ಒತ್ತಾಯ ಮಾಡಲಿಲ್ಲ, ಅದು ನನ್ನ ಸೋಮಾರಿತನ.

ಆಲೆಮನೆಯಲ್ಲಿ

ನಮ್ಮ ಗದ್ದೆಯಿಂದ ಕೂಗಳತೆಯಲ್ಲಿ ಒಂದು ಆಲೆಮನೆ. ಈಗ ಮಂಡ್ಯದ ಎಷ್ಟೋ ಆಲೆಮನೆಗಳಂತೆ ಅಲ್ಲೂ ಬೆಲ್ಲ ಕಾಯಿಸುವವರು ಉತ್ತರ ಪ್ರದೇಶದವರು, ಮುಜಫ್ಫರ್‌ನಗರದ ಕಡೆಯ ನಾಲ್ಕು ಹುಡುಗರು. ಸೋನೆಯ ಮೂರು ದಿನ, ಆಮೇಲೆ ಇನ್ನೆರಡು ದಿನ ಒಲೆ ಉರಿಯಲಿಲ್ಲ, ಬಯಲಲ್ಲಿ ಹರಡಿದ್ದ ಕಬ್ಬಿನ ಸಿಪ್ಪೆ ನೆನೆದು ಮುದ್ದೆಯಾಗಿತ್ತು. ಮುರಿದಿಟ್ಟ ಕಬ್ಬು ಹುಳಿಯಾಗತೊಡಗಿತು. ಚಳಿಗೆ ಕಂಬಳಿ ಹೊದ್ದ ನಮ್ಮನ್ನು ನೋಡಿ ಆ ಹುಡುಗರು ನಗುತ್ತಿದ್ದರು. ಬಯಲುಸೀಮೆಯಲ್ಲಿ ರಾತ್ರಿಯ ತಾಪಮಾನ 10 ಡಿಗ್ರಿಯ ಮೇಲಿದ್ದರೆ ಹವಾಮಾನ ಇಲಾಖೆ ಅದನ್ನು ಶೀತಗಾಳಿಯ ಲೆಕ್ಕಕ್ಕೇ ಹಿಡಿಯುವುದಿಲ್ಲ. ನಮ್ಮ ಊರಿನ ಚಳಿ ಆ ಗೆರೆಗೆ ಇಳಿಯುವುದು ಅಪರೂಪ.

ಡಿಸೆಂಬರ್ ಕೊನೆಯಲ್ಲಿ ಚಳಿಗಾಲ ಉತ್ತರಕ್ಕೆ ತಿರುಗಿತು. 20ರ ರಾತ್ರಿ ಶ್ರೀನಗರದಲ್ಲಿ ಮೈನಸ್ 8.5 ಡಿಗ್ರಿ, ಡಿಸೆಂಬರ್ ತಿಂಗಳಿಗೆ 50 ವರ್ಷದಲ್ಲೇ ಅತಿ ತಣ್ಣನೆಯ ರಾತ್ರಿ. ಮರುದಿನದಿಂದಲೇ ಕಾಶ್ಮೀರಿಗಳು ಚಿಲ್ಲೈ ಕಲಾನ್ ಎನ್ನುವ ನಲವತ್ತು ದಿನದ ಕಡುಚಳಿ. 27, 28ಕ್ಕೆ ಪಶ್ಚಿಮದಿಂದ ಬಂದ ಮತ್ತೊಂದು ಮೋಡದ ಸಾಲು ಕಾಶ್ಮೀರದಲ್ಲಿ ಹಿಮ ಸುರಿಸಿ ಹೆದ್ದಾರಿಯಲ್ಲಿ ವಾಹನ ಸಿಕ್ಕಿಹಾಕಿಸಿತು, ದೆಹಲಿಯನ್ನು ದಿನವಿಡೀ ತೋಯಿಸಿತು. ಈ ಮಳೆ ಹುಟ್ಟುವುದು ನಮ್ಮ ಕೊಲ್ಲಿಯಲ್ಲಲ್ಲ. ಮೆಡಿಟರೇನಿಯನ್ ಕಡೆಯಿಂದ ಇರಾನ್, ಅಫ್ಘಾನಿಸ್ತಾನ ದಾಟಿ ಬರುವ ಗಾಳಿಯಿಂದ.

ಆ ಶನಿವಾರ ಸಂಜೆ ದೊಡ್ಡಪ್ಪ, ನಾನು ಆಲೆಮನೆಗೆ ಹೋದಾಗ ಹುಡುಗರಲ್ಲೊಬ್ಬ ಅಪ್ಪನ ಜೊತೆ ಫೋನಿನಲ್ಲಿ ಕೇಕೆ ಹಾಕಿ ಮಾತಾಡುತ್ತಿದ್ದ. ಫೋನ್ ಇಟ್ಟ ಮೇಲೆ ಕೊಪ್ಪರಿಗೆಯಿಂದ ಬಿಸಿ ಬೆಲ್ಲವನ್ನು ಕಬ್ಬಿನ ಜಲ್ಲೆಗೆ ಸುತ್ತಿ ನಮ್ಮಿಬ್ಬರಿಗೂ ಕೊಟ್ಟ. ಊರಲ್ಲಿ ಮಳೆಯಂತೆ. ಚಳಿಗಾಲದ ಆ ಮಳೆಗೆ ಅವರಲ್ಲಿ ಮಹಾವಟ್ ಎಂದು ಹೆಸರು. ಈಗ ಗೋಧಿ ಗೇಣುದ್ದ, ಈ ನೀರು ಬಿದ್ದರೆ ಒಂದು ಸಲದ ಡೀಸೆಲ್ ಪಂಪಿನ ಖರ್ಚು ಉಳಿಯಿತು ಎಂದು ಮುರುಕು ಕನ್ನಡದಲ್ಲಿ ವಿವರಿಸಿದ.

'ಕುಯ್ಲು ಯಾವಾಗಂತೆ ಕೇಳು ಮಗ' ಅಂದರು ದೊಡ್ಡಪ್ಪ.

ಏಪ್ರಿಲ್‌ನಲ್ಲಿ, ಎಂದ ಅವನು.

'ಆಗ ಮಳೆ ಬಂದ್ರೆ?'

ಹುಡುಗ ಎರಡೂ ಕೈ ಕಿವಿಗೆ ಮುಟ್ಟಿಸಿಕೊಂಡ. ದೊಡ್ಡಪ್ಪ ಬೆಲ್ಲ ಚೀಪುತ್ತಾ ಆಲೆಮನೆಯ ಮೂಲೆಯಲ್ಲಿದ್ದ ದೊಡ್ಡ ನೀಲಿ ಟಾರ್ಪಾಲನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿ, ಎಲ್ಲಿ ತಂದದ್ದು, ಎಷ್ಟಾಯಿತು ಎಂದು ಆಲೆಮನೆ ಯಜಮಾನರನ್ನು ಕೇಳಿದರು.